ಚಕ್ರದ ಮೇಲಿನ ಹಾಯಿದೋಣಿ



ದೋಣಿ ನಮಗೆ ಹೊಸತಲ್ಲ. ತುಳುವಿನಲ್ಲಿ ಓಡ ಎನ್ನುತ್ತೇವೆ, ಮಲಯಾಳದಲ್ಲಿ ವಳ್ಳಂ ಎನ್ನುತ್ತೇವೆ. ಆದರೆ ಕಾರಿನ ಹಿಂದೆ ಕಟ್ಟಿ ಹೆದ್ದಾರಿಯಲ್ಲಿ ಎಳೆದೊಯ್ಯುವ, ಒಳಗೇ ಮಲಗಿ ಎದ್ದು ಚಹಾ ಕಾಯಿಸಿಕೊಳ್ಳುವ ಹಾಯಿದೋಣಿಯನ್ನು ಕಂಡವರು ನಮ್ಮಲ್ಲಿ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ ಅಂಥ ಹಳೆಯ ದೋಣಿಯೊಂದನ್ನು ಕೊಳ್ಳಲು ಹೊರಟಿದ್ದ. "ಮಾವ, ಹಳೆ ವಾಹನಗಳ ಸಾಲದ ಕಾಗದವನ್ನು ಬ್ಯಾಂಕಿನಲ್ಲಿ ಅಷ್ಟು ವರ್ಷ ನೋಡಿದವರು ನೀವು. ಏನು ಹೇಳುತ್ತೀರಿ?" ಎಂದು ಕೇಳಿದ. ಹಾಗಾಗಿ ನಾನೂ ಅದರ ವಿಷಯ ಓದಿ ತಿಳಿದುಕೊಂಡೆ.

ದೋಣಿಯ ಹೆಸರು ಕ್ಯಾಟಲಿನಾ 22. ಫ್ರಾಂಕ್ ಬಟ್ಲರ್ ಎಂಬವರ ಕಂಪೆನಿ 1970ರ ಸುಮಾರಿಗೆ ಇದನ್ನು ಮಾಡತೊಡಗಿತು. ಹದಿನೈದು ಸಾವಿರಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿವೆ. ಉದ್ದ 21.5 ಅಡಿ, ತೂಕ ಸುಮಾರು 1000 ಕಿಲೋ. ಅಲ್ಲಿನ ಹೆದ್ದಾರಿಯಲ್ಲಿ 8.5 ಅಡಿ ಅಗಲದವರೆಗೆ ವಿಶೇಷ ಪರವಾನಗಿ ಬೇಡ. ಇದರ ಅಗಲ 8 ಅಡಿಗೂ ಕಡಿಮೆ.

ಹಾಯಿಗೆ ಗಾಳಿ ಬಡಿದಾಗ ದೋಣಿ ಮಗುಚದಿರಬೇಕಾದರೆ ಅಡಿಯಲ್ಲಿ ಭಾರ ಬೇಕು. ಅದಕ್ಕೆ ಕೀಲ್ ಎನ್ನುತ್ತಾರೆ. ಈ ಮಾದರಿಯ ಹೆಚ್ಚಿನ ದೋಣಿಗಳಲ್ಲಿ ಅದು ಸುಮಾರು 250 ಕಿಲೋ ತೂಕದ ಎರಕದ ಕಬ್ಬಿಣದ ಹಲಗೆ. ಒಂದು ಪಿನ್ನಿನ ಮೇಲೆ ತೂಗುತ್ತದೆ. ಇಳಿಬಿಟ್ಟರೆ ದೋಣಿಗೆ 5 ಅಡಿ ನೀರು ಬೇಕು. ಕೈರಾಟೆ ತಿರುಗಿಸಿ, ಬಾವಿಯಿಂದ ಕೊಡಪಾನ ಎಳೆದ ಹಾಗೆ ಮೇಲೆತ್ತಿದರೆ 2 ಅಡಿ ಸಾಕು. ಆದ್ದರಿಂದಲೇ ಅದನ್ನು ಟ್ರೈಲರಿಗೆ ಏರಿಸಿ ಮನೆಯಂಗಳಕ್ಕೆ ತರಬಹುದು. ಬಂದರಿನ ತಿಂಗಳ ಬಾಡಿಗೆ ಉಳಿಯುತ್ತದೆ. ಸಂಬಳದಾರನಿಗೂ ಹಾಯಿದೋಣಿ ಕೈಗೆಟುಕುವುದು ಹೀಗೆ.

ಮಾರುವವರು ಬರೆದದ್ದೇನು? ನಾಲ್ಕೈದು ಮಂದಿ ಮಲಗುವ ಜಾಗ, ಹೊಸ ಹಾಸಿಗೆ, ಒಲೆ, ಐಸ್ ಪೆಟ್ಟಿಗೆ, ಎತ್ತಿ ಒಯ್ಯಬಹುದಾದ ಕಕ್ಕಸು, ತಲೆ ತಾಗದಂತೆ ಮೇಲೆತ್ತುವ ಮಾಡು. ಓದಿದರೆ ಯಾರಿಗೂ ಆಸೆಯಾಗಬೇಕು.

ಇಲ್ಲಿ ನನ್ನದೊಂದು ಸಂಗತಿ ಹೇಳುತ್ತೇನೆ. 1990ರಲ್ಲಿ ನಾನೊಂದು ಹಳೆ ಸ್ಕೂಟರ್ ಕೊಂಡೆ. ಹೊಸ ಬಣ್ಣ, ಹೊಸ ಸೀಟು. ತಿಂಗಳೊಳಗೆ ಇಳಿಜಾರಿನಲ್ಲಿ ಬ್ರೇಕಿನ ತಂತಿ ತುಂಡಾಯಿತು. ಎದುರು ಮೂರು ವರ್ಷದ ಮಗಳು ನಿಂತಿದ್ದಳು, ಹಿಂದೆ ಹೆಂಡತಿ. ಕೆಸರುಗದ್ದೆಗೆ ಬಿದ್ದದ್ದರಿಂದ ಬದುಕಿದೆವು. ಹೆಂಡತಿಯ ಬಲಗೈ ಇಂದಿಗೂ ಪೂರ್ತಿ ಮಡಚುವುದಿಲ್ಲ. ಹೋದದ್ದು ಅಲ್ಪ ಬೆಲೆಯ ತಂತಿ. ಕೊಳ್ಳುವಾಗ ನಾನು ನೋಡಿದ್ದು ಸೀಟನ್ನು.

ಅಕ್ಕನ ಮಗನಿಗೆ ಅದನ್ನೇ ಹೇಳಿದೆ. ಹಾಸಿಗೆಯನ್ನು ಕೊನೆಗೆ ನೋಡು. ಮೊದಲು ಕೀಲನ್ನು ಎತ್ತುವ ಉಕ್ಕಿನ ತಂತಿ ನೋಡು. ಅದು ತುಂಡಾದರೆ ಅಷ್ಟು ಭಾರದ ಕಬ್ಬಿಣ ಒಮ್ಮೆಲೇ ಕೆಳಗೆ ಬಡಿದು ದೋಣಿಯ ತಳವನ್ನೇ ಒಡೆಯಬಹುದು. ಕೀಲ್ ತೂಗುವ ಪಿನ್ನು ಸವೆದಿದೆಯೇ? ಹಾಯಿಯ ಕಂಬವನ್ನು ಹಿಡಿದ ತಂತಿಗಳಲ್ಲಿ ಒಂದು ಎಳೆಯಾದರೂ ಕಡಿದಿದೆಯೇ? ಅಟ್ಟಣಿಗೆಯ ಮೇಲೆ ನಡೆದು ನೋಡು. ಕಾಲಡಿ ಮೆತ್ತಗಾದರೆ ಒಳಗೆ ನೀರು ಕುಡಿದಿದೆ. ದೋಣಿ ಇಳಿಸುವಾಗ ಟ್ರೈಲರಿನ ಚಕ್ರವೂ ನೀರಿಗಿಳಿಯುತ್ತದೆ. ಬೇರಿಂಗು, ಬ್ರೇಕು ಬಿಚ್ಚಿಸಿ ನೋಡು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಟಯರು ಸವೆಯದಿದ್ದರೂ ಒಡೆದೀತು. ದೋಣಿಗೊಂದು, ಟ್ರೈಲರಿಗೊಂದು ಕಾಗದ ಕೇಳು, ಎರಡೂ ಮಾರುವವರ ಹೆಸರಿನಲ್ಲಿರಬೇಕು. ಕಂಬ ಅಲ್ಯುಮಿನಿಯಮ್ಮಿನದು. ನೆಡುವ ಮೊದಲು ತಲೆಯೆತ್ತಿ ಕರೆಂಟಿನ ಲೈನ್ ಇದೆಯೇ ಎಂದು ನೋಡಲು ಮರೆಯಬೇಡ.

ಹುಡುಗ ಹೋಗಿ ನೋಡಿದ. ಕೀಲಿನ ತಂತಿಯಲ್ಲಿ ಮೂರು ಎಳೆ ಕಡಿದಿತ್ತು, ಪಿನ್ನೂ ಸವೆದಿತ್ತು. ಆ ದೋಣಿ ಬಿಟ್ಟು, ಒಲೆಯೂ ಇಲ್ಲದ ಇನ್ನೊಂದನ್ನು ಕೊಂಡ. ಹಾಸಿಗೆಯನ್ನು ಮನೆಯಿಂದಲೇ ಒಯ್ಯುತ್ತಾನಂತೆ.

ನಾವು ಕೊಳ್ಳುವುದು ಹಳೆ ಬೈಕೋ, ಪಂಪ್‌ಸೆಟ್ಟೋ, ಮೀನಿನ ದೋಣಿಯೋ ಇರಬಹುದು. ಸುಖದ ಸಾಮಾನನ್ನು ಆಮೇಲೆ ಒಂದೊಂದಾಗಿ ಸೇರಿಸಬಹುದು. ಜೀವ ನೇತಾಡುವ ತಂತಿಯನ್ನು ಮೊದಲ ದಿನವೇ ನೋಡಬೇಕು.

ಈ ಮಾತನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. "ಈ ಬುದ್ಧಿ ಆಗಲೇ ಇದ್ದಿದ್ದರೆ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಿಮಗಾದರೂ ಉಪಯೋಗಕ್ಕೆ ಬರಲಿ.