ಇದು ಕೈಕೊಟ್ಟರೆ ಯಾರಿಗೆ ಪೆಟ್ಟು?



ಹಳೆಯ ಸಾಮಾನನ್ನು ರಿಪೇರಿ ಮಾಡಬೇಕೋ, ಎಸೆದು ಹೊಸದು ತರಬೇಕೋ ಎಂಬ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ‘ಇನ್ನೂ ಎಷ್ಟು ದಿನ ಅಂತ ಇದನ್ನೇ ಎಳೆದಾಡ್ತೀರಿ?’ ಎನ್ನುವವರು ಒಂದು ಕಡೆ. ‘ಒಂದು ವಾಷರ್ ಹಾಕಿದರೆ ಇನ್ನೂ ಹತ್ತು ವರ್ಷ ಬರುತ್ತೆ’ ಎನ್ನುವವರು ಇನ್ನೊಂದು ಕಡೆ. ನೋಡಿದರೆ ಇಬ್ಬರದೂ ಒಂದೇ ಬಗೆಯ ಅವಸರ. ಇಡೀ ವಸ್ತುವಿಗೆ ಒಂದೇ ತೀರ್ಪು ಕೊಟ್ಟುಬಿಡುತ್ತಾರೆ. ರಿಪೇರಿ ಬಲ್ಲವರು ಹಾಗೆ ಮಾಡುವುದಿಲ್ಲ. ಅವರು ಮೊದಲು ಬಿಚ್ಚುತ್ತಾರೆ.

ಅಮೆರಿಕದ ಶಿಕಾಗೊ ಸಮೀಪ ಇರುವ ನನ್ನ ಅಕ್ಕನ ಮಗ ಹೀಗೆ ಬಿಚ್ಚಿ ಕೂರಿಸಿದ ಒಂದು ಗ್ಯಾಸ್ ಗ್ರಿಲ್‌ನ ವಿಷಯ ಇವತ್ತು ಹೇಳಬೇಕೆನಿಸಿದೆ. ಅಲ್ಲಿ ಬೇಸಿಗೆ ಬಂತೆಂದರೆ ಅಡುಗೆ ಹಿತ್ತಲಿಗೆ ಬರುತ್ತದೆ. ಗಾಲಿ ಇರುವ ಒಂದು ಸ್ಟ್ಯಾಂಡು. ಅದರ ಮೇಲೆ ಮುಚ್ಚಳವಿರುವ ಲೋಹದ ಪೆಟ್ಟಿಗೆ. ಪೆಟ್ಟಿಗೆಯ ತಳದಲ್ಲಿ ಸಾಲಾಗಿ ತೂತುಗಳಿರುವ ಬರ್ನರ್ ಕೊಳವೆಗಳು. ಅವುಗಳ ಮೇಲೆ, ಸುಡುವ ಪದಾರ್ಥದಿಂದ ತೊಟ್ಟಿಕ್ಕುವ ಜಿಡ್ಡು ಬೆಂಕಿಗೆ ಬೀಳದಂತೆ ಮನೆಯ ಮಾಡಿನ ಹಾಗೆ ಇಳಿಜಾರಾದ ತಗಡುಗಳು. ಎಲ್ಲಕ್ಕಿಂತ ಮೇಲೆ ಸುಡುವ ಕಂಬಿಜಾಲರಿ. ಅಲ್ಲಿನವರು ಅದರ ಮೇಲೆ ಮಾಂಸ ಸುಡುತ್ತಾರೆ. ನಮ್ಮವರು ಮುಸುಕಿನ ಜೋಳ ಸುಡುತ್ತಾರೆ, ಗೊಜ್ಜಿಗೆ ಬದನೆಕಾಯಿ ಸುಡುತ್ತಾರೆ.

ಈ ಹಿತ್ತಲಿನ ಒಲೆಗಳ ಚರಿತ್ರೆಯಲ್ಲೇ ಕೈಗೆ ಸಿಕ್ಕಿದ್ದರಿಂದ ಮಾಡಿಕೊಳ್ಳುವ ಜಾಣ್ಮೆ ಇದೆ. ಶಿಕಾಗೊ ಪ್ರದೇಶದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಜಾರ್ಜ್ ಸ್ಟೀಫನ್ ಎಂಬವರು ಕೆಲಸ ಮಾಡುತ್ತಿದ್ದರು. ನೀರಿನಲ್ಲಿ ತೇಲಿಬಿಡುವ ಗುರುತಿನ ಬುರುಡೆಗಳನ್ನೂ ಆ ಕಾರ್ಖಾನೆ ಮಾಡುತ್ತಿತ್ತು. ಗಾಳಿಗೆ ಬೂದಿ ಹಾರುವ ತೆರೆದ ಒಲೆಯಿಂದ ಬೇಸತ್ತಿದ್ದ ಸ್ಟೀಫನ್ 1952ರಲ್ಲಿ ಅಂಥ ಗುಂಡು ಬುರುಡೆಯ ಅರ್ಧಕ್ಕೆ ಕಾಲು ಹಚ್ಚಿ, ಉಳಿದರ್ಧವನ್ನು ಮುಚ್ಚಳ ಮಾಡಿದರು. ಜಗತ್ತಿಗೆಲ್ಲ ಗೊತ್ತಾದ ಗುಂಡನೆಯ ಇದ್ದಿಲು ಗ್ರಿಲ್ ಹುಟ್ಟಿದ್ದು ಹಾಗೆ.

ನನ್ನ ಅಕ್ಕನ ಮಗನಿಗೆ ಸಿಕ್ಕಿದ್ದು ಯಾರೋ ರಸ್ತೆಬದಿಗೆ ತಂದಿಟ್ಟಿದ್ದ ಗ್ರಿಲ್. ಬೇಕಾದವರು ಒಯ್ಯಲಿ ಎಂದು ಹಾಗೆ ಇಡುವ ವಾಡಿಕೆ ಅಲ್ಲಿದೆ. ನೋಡಲು ಪೂರ್ತಿ ಸತ್ತಂತೆ ಇತ್ತು. ಬಿಚ್ಚಲು ಕೂತಾಗ ಮೊದಲು ಹಟ ಹಿಡಿದದ್ದು ಬೋಲ್ಟುಗಳು. ಅಲ್ಯುಮಿನಿಯಂ ಪೆಟ್ಟಿಗೆಗೆ ಉಕ್ಕಿನ ಬೋಲ್ಟು ಹಾಕಿ, ತೇವವೂ ಉಪ್ಪೂ ಸೇರಿಬಿಟ್ಟರೆ ಎರಡು ಲೋಹಗಳ ನಡುವೆ ಸಣ್ಣಗೆ ವಿದ್ಯುತ್ ಹರಿಯುತ್ತದೆ. ಸಂದಿಯಲ್ಲಿ ಅಲ್ಯುಮಿನಿಯಂ ಸವೆದು ಬೂದಿಬಣ್ಣದ ಪುಡಿ ಕಟ್ಟಿಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಬೋಲ್ಟು ಬರುವುದಿಲ್ಲ, ತಲೆ ಮುರಿಯುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಬಾರದೇ ಹೋದದ್ದನ್ನು ಡ್ರಿಲ್ ಮಾಡಿ ತೆಗೆದದ್ದಾಯಿತು.

ಬಿಚ್ಚಿದ ಮೇಲೆ ಕಂಡದ್ದೇ ಬೇರೆ. ಪೆಟ್ಟಿಗೆ ಎರಕದ ಅಲ್ಯುಮಿನಿಯಂ. ಅದು ತುಕ್ಕು ಹಿಡಿಯುವುದಿಲ್ಲ. ಕಪ್ಪು ಕಟ್ಟಿದ್ದನ್ನು ಕೆರೆದರೆ ಗಟ್ಟಿಮುಟ್ಟಾಗಿತ್ತು. ಸತ್ತಿದ್ದವು ಬರ್ನರುಗಳು, ಇಳಿಜಾರು ತಗಡುಗಳು, ಪಕ್ಕದ ಹಲಗೆ, ಒಂದು ಗಾಲಿ, ಒಡೆದ ಪೈಪು. ಇಷ್ಟಕ್ಕಾಗಿ ಇಡೀ ಗ್ರಿಲ್ ಬೀದಿಗೆ ಬಂದಿತ್ತು.

ಅಲ್ಲಿಂದ ಗುಜರಿಯ ಹುಡುಕಾಟ. ಯಾರೋ ಎಸೆದ ಹುಲ್ಲು ಕತ್ತರಿಸುವ ಯಂತ್ರದಿಂದ ಗಾಲಿ ಬಂತು. ಮುರಿದ ಸಲಿಕೆಯ ಕಾವು ಮುಚ್ಚಳದ ಹಿಡಿಯಾಯಿತು. ಸರಕು ಸಾಗಿಸುವ ಮರದ ಪ್ಯಾಲೆಟ್ ಒಡೆದು ಪಕ್ಕದ ಹಲಗೆ ಮಾಡಿದ. ಆಗಲೂ ಅದರ ಮೇಲಿನ ಮುದ್ರೆ ಓದಿದ. ‘ಎಚ್‌ಟಿ’ ಎಂದಿದ್ದರೆ ಹುಳ ಸಾಯಲೆಂದು ಮರವನ್ನು ಬಿಸಿ ಮಾಡಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದು ಅಡುಗೆಯ ಹತ್ತಿರ ಬೇಡ. ಬರ್ನರುಗಳು ಅದೇ ಮಾದರಿಯ ಇನ್ನೊಂದು ಹಾಳುಬಿದ್ದ ಗ್ರಿಲ್‌ನಿಂದ ಸಿಕ್ಕವು. ತಗಡುಗಳನ್ನು ಮಾತ್ರ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ತಂದು, ವೈಸ್‌ಗೆ ಕಚ್ಚಿಸಿ, ಕೈಯಾರೆ ಬಗ್ಗಿಸಿದ.

ಅವನು ಬಿಟ್ಟದ್ದನ್ನೂ ಹೇಳಬೇಕು. ಜಿಐ ತಗಡು ಶೆಡ್‌ನಲ್ಲೇ ಬಿದ್ದಿತ್ತು, ಬಗ್ಗಿಸಲೂ ಸುಲಭ. ಮುಟ್ಟಲಿಲ್ಲ. ಅದರ ಮೇಲಿನ ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಇನ್ನೂ ಕಾದು ಎದ್ದ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಹಳೆಯ ಫ್ರಿಜ್ಜಿನ ತಂತಿ ತಟ್ಟೆಯೊಂದು ಅಳತೆಗೆ ಹೇಳಿ ಮಾಡಿಸಿದಂತೆ ಜಾಲರಿಯ ಜಾಗಕ್ಕೆ ಕೂತಿತು. ಅದನ್ನೂ ತೆಗೆದಿಟ್ಟ. ಹಳೆಯ ಫ್ರಿಜ್ಜುಗಳ ತಟ್ಟೆಗಳಿಗೆ ಕ್ಯಾಡ್ಮಿಯಂ ಲೇಪನ ಇರಬಹುದು, ಬೆಂಕಿಗೆ ಸಿಕ್ಕರೆ ಅದು ವಿಷ. ಅಳತೆ ಹೊಂದಿದ ಮಾತ್ರಕ್ಕೆ ವಸ್ತು ಹೊಂದಿತು ಎನ್ನುವ ಹಾಗಿಲ್ಲ.

ಹೊಸದಾಗಿ ಅಂಗಡಿಯಿಂದ ತಂದದ್ದು ರೆಗ್ಯುಲೇಟರ್ ಮತ್ತು ಪೈಪು. ‘ಇಷ್ಟೆಲ್ಲ ಮಾಡಿದವನು ಇದಕ್ಕೇಕೆ ದುಡ್ಡು ಸುರಿದೆ?’ ಎಂದು ಕೇಳಿದೆ. ‘ಮಾಮ, ಹಲಗೆ ಮುರಿದರೆ ತಟ್ಟೆ ಬೀಳುತ್ತೆ. ಪೈಪು ಬಿರಿದರೆ ಮನೆ ಹೋಗುತ್ತೆ’ ಎಂದ.

ಅವನ ಮಾತಿನ ಹಿಂದೆ ಗಟ್ಟಿ ಲೆಕ್ಕವಿದೆ. ಸಿಲಿಂಡರಿನ ಒಳಗಿನ ಒತ್ತಡ ಬಿಸಿಲಿಗೆ ಏರುತ್ತದೆ, ಚಳಿಗೆ ಇಳಿಯುತ್ತದೆ. ರೆಗ್ಯುಲೇಟರ್ ಅದನ್ನೆಲ್ಲ ತಡೆದು, ನೀರನ್ನು ಕೊಳವೆಯಲ್ಲಿ 28 ಸೆಂಟಿಮೀಟರ್ ಮೇಲಕ್ಕೆತ್ತುವಷ್ಟು ಮೆಲುವಾದ ಒತ್ತಡದಲ್ಲಿ ಅನಿಲವನ್ನು ಹೊರಬಿಡುತ್ತದೆ. ಆಮೇಲಿನ ಅಳತೆ, ಬರ್ನರಿಗೆ ಅನಿಲ ಬಿಡುವ ಜೆಟ್ಟಿನ ಸೂಜಿಮೊನೆಯಂಥ ತೂತಿನದು. ಪ್ರೊಪೇನ್‌ಗೆ ಒಂದು ಅಳತೆ, ನೈಸರ್ಗಿಕ ಅನಿಲಕ್ಕೆ ಅದಕ್ಕಿಂತ ದೊಡ್ಡದು. ಅದಲುಬದಲಾದರೆ ಜ್ವಾಲೆ ಹತೋಟಿಯಲ್ಲಿರುವುದಿಲ್ಲ. ಬೆಂಗಳೂರಿನಲ್ಲಿ ಸಿಲಿಂಡರ್ ಬಿಟ್ಟು ಕೊಳವೆ ಗ್ಯಾಸಿಗೆ ಬದಲಾದವರಿಗೆ ಇದು ಗೊತ್ತು. ಅದೇ ಒಲೆ ಉಳಿದರೂ ತಂತ್ರಜ್ಞರು ಬಂದು ಜೆಟ್ಟು ಬದಲಿಸಿ ಹೋಗಿರುತ್ತಾರೆ. ಇನ್ನು ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಹಾರಿಹೋಗದೆ ತಗ್ಗಿನಲ್ಲಿ ಶೇಖರವಾಗುತ್ತದೆ. ಆದ್ದರಿಂದ ಜೋಡಿಸಿದ ಮೇಲೆ ಅವನು ಬೆಂಕಿ ಕಡ್ಡಿ ಗೀರಲಿಲ್ಲ. ಪ್ರತಿ ಸಂದಿಗೂ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಬರ್ನರಿನ ಬಾಯಿಗೆ ಟಾರ್ಚು ಬಿಟ್ಟು ಜೇಡರ ಬಲೆ ಇದೆಯೇ ಎಂದು ಹುಡುಕಿದ. ಆ ಕೊಳವೆಗಳೆಂದರೆ ಜೇಡಗಳಿಗೆ ಪ್ರೀತಿ. ಬಲೆ ಅಡ್ಡ ಬಂದರೆ ಅನಿಲ ಮುಂದೆ ಹೋಗದೆ ಹಿಂದೆಯೇ ಉರಿದೀತು.

ಯಾವುದಕ್ಕೆ ಹಳೆಯದು ಸಾಕು, ಯಾವುದಕ್ಕೆ ಹೊಸದೇ ಬೇಕು ಎಂಬ ಶಿಕಾಗೊದ ಹಿತ್ತಲಿನ ಈ ಮಾತನ್ನು ನಮ್ಮ ಬೀದಿಯ ಕುಕ್ಕರ್ ರಿಪೇರಿಯವರು ಹೊಸದಾಗಿ ಕಲಿಯಬೇಕಿಲ್ಲ. ಯಾವುದೋ ಕಂಪನಿಯ ಕುಕ್ಕರಿಗೆ ಯಾವುದೋ ಹಿಡಿಯನ್ನು ಉಜ್ಜಿ, ತೂತು ಹೊಡೆದು ಅವರು ಕೂರಿಸಿಕೊಡುತ್ತಾರೆ. ಆದರೆ ಸೇಫ್ಟಿ ವಾಲ್ವ್ ಹೋಗಿದೆ ಎಂದರೆ, ಒಳ್ಳೆಯ ಕೆಲಸಗಾರರು ‘ಕಂಪನಿದೇ ತನ್ನಿ ಅಮ್ಮಾ’ ಎನ್ನುತ್ತಾರೆ. ಆಂಸ್ಟರ್‌ಡ್ಯಾಮ್‌ನಲ್ಲಿ 2009ರಲ್ಲಿ ಶುರುವಾದ ರಿಪೇರಿ ಕೆಫೆ ಎಂಬ ಚಳವಳಿ ಇವತ್ತು ಹಲವು ದೇಶಗಳಿಗೆ ಹಬ್ಬಿದೆ, ಬೆಂಗಳೂರಿಗೂ ಬಂದಿದೆ. ಜನ ಕೆಟ್ಟ ಸಾಮಾನು ಹೊತ್ತು ತಂದು, ಬಲ್ಲವರ ಪಕ್ಕ ಕೂತು ಸರಿಮಾಡಲು ಕಲಿಯುತ್ತಾರೆ. ಕಲಿಯಬೇಕಾದ್ದು ಸ್ಕ್ರೂಡ್ರೈವರ್ ಹಿಡಿಯುವುದಷ್ಟೇ ಅಲ್ಲ. ಇದು ಕೈಕೊಟ್ಟರೆ ಏನಾಗುತ್ತದೆ, ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಪ್ರತಿ ಭಾಗಕ್ಕೂ ಕೇಳುವ ಅಭ್ಯಾಸವನ್ನೂ ಕಲಿಯಬೇಕು.

ಈ ಪ್ರಶ್ನೆ ಕೇಳದೆ ಹೋದಾಗ ನಮ್ಮ ಜಾಣತನ ಕೆಡುತ್ತದೆ. ಪದೇ ಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿಬಿಡುವವರನ್ನು ನಾವೆಲ್ಲ ಕಂಡಿದ್ದೇವೆ. ಹೆಚ್ಚು ವಿದ್ಯುತ್ ಹರಿದಾಗ ಕರಗಿಹೋಗುವುದೇ ಫ್ಯೂಸಿನ ಕೆಲಸ. ಅದನ್ನು ಗಟ್ಟಿ ಮಾಡಿದರೆ ಅದರ ಬದಲು ಗೋಡೆಯೊಳಗಿನ ವೈರಿಂಗ್ ಸುಡುತ್ತದೆ. ಹೋದ ವರ್ಷ ಯಾರಿಗೋ ಬರೆದುಕೊಟ್ಟು ಉಳಿದಿದ್ದ ಮಾತ್ರೆಯನ್ನು ಈ ವರ್ಷ ಇನ್ಯಾರದೋ ಜ್ವರಕ್ಕೆ ಕೊಡುವುದೂ ಇದೇ ಸಾಲಿನದು. ನೋಡಲು ಮಿತವ್ಯಯ. ಆದರೆ ಉಳಿಸಿದ ಲಾಭ ನಮ್ಮದು, ಅಪಾಯ ಇನ್ನೊಬ್ಬರದು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವ ನಮ್ಮ ಹೆಮ್ಮೆಗೆ ಒಂದು ಗಡಿ ಬೇಕಾದರೆ ಅದನ್ನು ಇಲ್ಲೇ ಎಳೆಯಬೇಕು.

ಆದರೆ ಈ ಪ್ರಶ್ನೆ ಹೆದರಿಸುವುದಕ್ಕಾಗಿ ಇರುವುದಲ್ಲ. ಪ್ರಾಮಾಣಿಕವಾಗಿ ಕೇಳಿದರೆ ಅದು ನಮ್ಮನ್ನು ಹೆಚ್ಚಾಗಿ ಬಿಡುಗಡೆಯೇ ಮಾಡುತ್ತದೆ. ಆ ಗ್ರಿಲ್‌ನ ಭಾಗಗಳಲ್ಲಿ ಪ್ರಾಣದ ಮಾತು ಬಂದದ್ದು ಕೆಲವಕ್ಕೆ ಮಾತ್ರ. ಗಾಲಿ, ಹಿಡಿ, ಹಲಗೆಗಳಲ್ಲಿ ಸೋತಿದ್ದರೆ ಇನ್ನೊಮ್ಮೆ ಮಾಡಿದರಾಯಿತು. ನಾವು ಸಾಮಾನ್ಯವಾಗಿ ತಿರುಗುಮುರುಗು ಮಾಡುತ್ತೇವೆ. ಗ್ಯಾಸಿನ ಪೈಪಿಗೆ ಟೇಪು ಸುತ್ತುವ ಧೈರ್ಯ ಇರುತ್ತದೆ, ಕುರ್ಚಿಯ ಕಾಲಿಗೆ ಮೊಳೆ ಹೊಡೆಯಲು ‘ನಮಗೆ ಬರೋದಿಲ್ಲಪ್ಪ’ ಎನ್ನುತ್ತೇವೆ.

ಮನೆಯಲ್ಲಿ ಏನಾದರೂ ಕೆಟ್ಟು ಕೂತಿದ್ದರೆ, ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಕರೆಂಟಿನದಾದರೆ ಪ್ಲಗ್ ತೆಗೆದು, ಗ್ಯಾಸಿನದಾದರೆ ಸಿಲಿಂಡರ್ ಕಳಚಿ ಬಿಚ್ಚಿ. ಕೈಕೊಟ್ಟರೆ ಜೀವಕ್ಕೆ ತಾಗುವ ಭಾಗಗಳನ್ನು ಬೇರೆ ಎತ್ತಿಟ್ಟು ಬಲ್ಲವರಿಗೆ ಒಪ್ಪಿಸಿ, ಇಲ್ಲವೇ ಸರಿಯಾದ ಹೊಸದನ್ನು ತನ್ನಿ. ಉಳಿದ ರಾಶಿಯನ್ನು ಮನೆಯ ಮಕ್ಕಳ ಮುಂದೆ ಹಾಕಿ, ಜೊತೆಗೆ ಕೂತುಕೊಳ್ಳಿ. ಸೋತರೂ ಯಾರಿಗೂ ಪೆಟ್ಟಾಗದ ಕೆಲಸಗಳಲ್ಲಿ ಧಾರಾಳವಾಗಿ ಸೋತವರೇ, ಸೋಲಲೇಬಾರದ ಕೆಲಸವನ್ನು ನಾಳೆ ನೆಚ್ಚಿ ಒಪ್ಪಿಸಬಹುದಾದ ಕೈಗಳಾಗುತ್ತಾರೆ.