ಊರಿನ ಸಣ್ಣ ಕಾಲೇಜು ಮತ್ತು ನಮ್ಮ ಮಕ್ಕಳು

(ವಿಜಯಪುರದಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: “ಪಾಪ, ಆರ್ಟ್ಸ್‌ಗೆ ಹೋದ.” ಯಾರಿಗೋ ಕಾಯಿಲೆ ಬಂದಿದೆ ಎಂದು ತಿಳಿಸುವಾಗಿನ ಧ್ವನಿ ಅದರಲ್ಲಿರುತ್ತದೆ. ವಿಜ್ಞಾನ ಓದುವವನು ಜಾಣ, ವಾಣಿಜ್ಯ ಓದುವವನು ಪರವಾಗಿಲ್ಲ, ಕಲಾ ವಿಭಾಗಕ್ಕೆ ಹೋದವನು ಕೈತಪ್ಪಿದವನು ಎಂದು ನಾವೇ ಶ್ರೇಣಿ ಕಟ್ಟಿಕೊಂಡಿದ್ದೇವೆ. ಹುಡುಗಿಯರ ಮಟ್ಟಿಗೆ ಈ ಮಾತಿಗೆ ಇನ್ನೊಂದು ರೂಪವಿದೆ: “ಒಳ್ಳೆಯ ಸಂಬಂಧ ಬರುವ ತನಕ ಬಿ.ಎ.ಗೆ ಹೋಗುತ್ತಿರಲಿ.” ಇಂದು ನಾವು ಈ ಎರಡೂ ಮಾತುಗಳನ್ನು ಪ್ರಶ್ನಿಸಬಯಸುತ್ತೇವೆ.

ವೈದ್ಯರು, ಇಂಜಿನಿಯರರು ಬೇಡವೆಂಬುದು ನಮ್ಮ ವಾದವಲ್ಲ. 1984ರಲ್ಲಿ ಈ ಊರಿನಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಆರಂಭವಾದುದು ಸಮುದಾಯಕ್ಕೆ ತಂದ ಆತ್ಮವಿಶ್ವಾಸ ಸಣ್ಣದೇನಲ್ಲ. ಆದರೆ ಒಂದು ಸಮುದಾಯ ತನ್ನ ಎಲ್ಲ ಜಾಣ ಮಕ್ಕಳನ್ನೂ ಎರಡೇ ಬಾಗಿಲುಗಳ ಮುಂದೆ ಸಾಲಾಗಿ ನಿಲ್ಲಿಸಿದರೆ ಉಳಿದ ಬಾಗಿಲುಗಳನ್ನು ಕಾಯುವವರು ಯಾರು?

2024ರ ಅಕ್ಟೋಬರ್ ತಿಂಗಳನ್ನು ತಾವು ಮರೆತಿರಲಾರಿರಿ. ತಿಕೋಟಾ ತಾಲೂಕಿನ ಹೊನವಾಡದ ರೈತರು ತಮ್ಮ ಸುಮಾರು 1,200 ಎಕರೆ ಭೂಮಿ ವಕ್ಫ್ ಪಾಲಾಗುತ್ತಿದೆ ಎಂಬ ಆತಂಕದಿಂದ ಜಿಲ್ಲಾಡಳಿತದ ಮೊರೆಹೋದರು. ಕೆಲವೇ ದಿನಗಳಲ್ಲಿ ಅದು ರಾಜ್ಯದ, ಬಳಿಕ ದೇಶದ ರಾಜಕೀಯ ವಿಷಯವಾಯಿತು. ಜಿಲ್ಲಾ ಉಸ್ತುವಾರಿ ಸಚಿವರು ಕೊಟ್ಟ ವಿವರಣೆ ಏನಾಗಿತ್ತು? 1974ರ ಗೆಜೆಟ್ ಅಧಿಸೂಚನೆಯಲ್ಲಿ ಮಹಾಲ ಬಾಗಾಯತದ ಪಕ್ಕದಲ್ಲಿ, ಆವರಣ ಚಿಹ್ನೆಯೊಳಗೆ, ಹೊನವಾಡದ ಹೆಸರು ತಪ್ಪಾಗಿ ಸೇರಿಕೊಂಡಿತ್ತು. 1977ರಲ್ಲಿ ಅದನ್ನು ತಿದ್ದಲಾಗಿತ್ತು. ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ, ಅದರಲ್ಲಿಯೂ ಹತ್ತು ಎಕರೆಗೂ ಹೆಚ್ಚು ಭಾಗ ಖಬರಸ್ತಾನ. ನವೆಂಬರಿನಲ್ಲಿ ಸರಕಾರ ರೈತರಿಗೆ ನೀಡಿದ್ದ ನೋಟಿಸುಗಳನ್ನು ಹಿಂಪಡೆಯುವಂತೆ ಸೂಚಿಸಿತು. ಆದರೆ ಅಕ್ಕಪಕ್ಕದ ಹೊಲದವರ ನಡುವೆ ಹುಟ್ಟಿದ ಸಂಶಯವನ್ನು ಹಿಂಪಡೆಯುವ ಆದೇಶವನ್ನು ಯಾವ ಸರಕಾರವೂ ಹೊರಡಿಸಲಾರದು.

ಆ ದಿನಗಳಲ್ಲಿ ನಮ್ಮ ಮೊಹಲ್ಲಾಗಳಲ್ಲಿ ವೈದ್ಯರಿದ್ದರು, ಇಂಜಿನಿಯರರಿದ್ದರು, ಒಣದ್ರಾಕ್ಷಿಯ ವ್ಯಾಪಾರಿಗಳಿದ್ದರು. ಎರಡು ಗೆಜೆಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ, ಪಹಣಿಯೊಂದಿಗೆ ತಾಳೆನೋಡಿ, ರೈತನ ಭಯವನ್ನೂ ಗೌರವಿಸಿ, ಸ್ವಚ್ಛವಾದ ಕನ್ನಡದಲ್ಲಿ ಎರಡು ಪುಟ ಬರೆದು ಪತ್ರಿಕೆಗಳಿಗೆ ತಲುಪಿಸಬಲ್ಲವರು ಎಷ್ಟು ಮಂದಿ ಇದ್ದರು? ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಭಾಷೆಯನ್ನೂ ಶ್ರದ್ಧೆಯಿಂದ ಓದಿದ, ಆ ಬಳಿಕ ಕಾನೂನು ಕಲಿತ ನಾಲ್ಕು ಮಂದಿ ತಾಲೂಕಿಗೆ ಇದ್ದರೆ ಸಾಕಿತ್ತು. ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲೂಕುಗಳಾಗಿ ಕೆಲವು ವರ್ಷಗಳಾಗಿವೆ. ತಹಶೀಲ್ದಾರ್ ಕಚೇರಿ ಮನೆಯ ಹತ್ತಿರ ಬಂದಿದೆ. ಆದರೆ ಅಲ್ಲಿ ಒಂದು ಅರ್ಜಿ ಬರೆಯಿಸಲು ನಮ್ಮವರು ಈಗಲೂ ಇನ್ನೊಬ್ಬರ ಮೇಜಿನ ಮುಂದೆ ನಿಲ್ಲುತ್ತಾರೆ. ಉರ್ದು ಮಾಧ್ಯಮದಲ್ಲಿ ಓದಿದ ಮಗುವಿಗೆ ಕನ್ನಡ ಕೇವಲ ಪರೀಕ್ಷೆಯ ಒಂದು ಪತ್ರಿಕೆಯಾಗಿ ಉಳಿದರೆ ಹೀಗೆಯೇ ಆಗುತ್ತದೆ.

ಕೆಲವು ಧಾರ್ಮಿಕ ಮನಸ್ಸಿನ ಹಿರಿಯರಿಗೆ ಇನ್ನೊಂದು ಅಳುಕಿದೆ. ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಎಂದರೆ ಮಕ್ಕಳು ದೀನ್‌ನಿಂದ ದೂರವಾಗುತ್ತಾರೆಂದು ಅವರು ಅಂಜುತ್ತಾರೆ. ನಾವು ಮದ್ರಸದ ಚಾಪೆಯಿಂದ ಕಾಲೇಜಿನ ಬೆಂಚಿಗೆ ಬಂದವರು, ಎರಡನ್ನೂ ಕಂಡಿದ್ದೇವೆ. 18ನೇ ಶತಮಾನದಲ್ಲಿ ಲಕ್ನೋದ ಫಿರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನ್ ರೂಪಿಸಿದ ದರ್ಸೆ ನಿಝಾಮಿಯಲ್ಲಿ ಫಿಕ್‌ಹ್, ಹದೀಸ್‌ಗಳೊಂದಿಗೆ ವ್ಯಾಕರಣ, ಅಲಂಕಾರಶಾಸ್ತ್ರ, ತರ್ಕ, ತತ್ತ್ವಶಾಸ್ತ್ರ, ಗಣಿತ ಎಲ್ಲವೂ ಇದ್ದವು. ಮದ್ರಸದಲ್ಲಿ ‘ಮನ್ತಿಕ್’ ಎಂದು ಕಲಿತದ್ದನ್ನೇ ಕಾಲೇಜಿನಲ್ಲಿ ತರ್ಕಶಾಸ್ತ್ರವೆಂದು ಮತ್ತೆ ಕಂಡಾಗ ನಮಗೆ ಹೊಸ ಊರಿನಲ್ಲಿ ಹಳೆಯ ಪರಿಚಯಸ್ಥ ಸಿಕ್ಕಂತಾಗಿತ್ತು. ಸಮಾಜಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂದು 1377ರಲ್ಲಿ ‘ಮುಖದ್ದಿಮಾ’ ಬರೆದ ಇಬ್ನು ಖಲ್ದೂನ್ ಇಂದು ನಮ್ಮ ಮನೆಯಲ್ಲಿ ಹುಟ್ಟಿದ್ದರೆ, “ಆರ್ಟ್ಸ್ ಬೇಡ, ನೀಟ್ ಬರೆ” ಎಂದು ನಾವು ಅವರನ್ನು ಕೋಚಿಂಗ್ ತರಗತಿಗೆ ಸೇರಿಸುತ್ತಿದ್ದೆವೇನೋ!

ಈ ಊರೇ ಅಂತಹ ವಿದ್ಯೆಯ ಊರು. ಫಿರಿಶ್ತಾ ತನ್ನ ಇತಿಹಾಸ ಗ್ರಂಥವನ್ನು ಬರೆದದ್ದು ಇಲ್ಲಿ, ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ. ನುಸ್ರತಿ ದಖನಿಯಲ್ಲಿ ಕಾವ್ಯ ಕಟ್ಟಿದ್ದು ಇಲ್ಲಿ. ಅಸಾರ್ ಮಹಲ್‌ನಲ್ಲಿದ್ದ ಹಸ್ತಪ್ರತಿಗಳನ್ನು 19ನೇ ಶತಮಾನದಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಅವು ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರು ಒಯ್ದರೆಂದು ನಾವು ಭಾಷಣಗಳಲ್ಲಿ ಕೊರಗುತ್ತೇವೆ. ನಾಳೆ ಅವು ಮರಳಿ ಬಂದರೆ ಓದುವವರು ಯಾರು ಎಂದು ಕೇಳಿಕೊಳ್ಳುವುದಿಲ್ಲ. ಆದಿಲ್‌ಶಾಹಿ ಕಾಲದ ಪರ್ಶಿಯನ್ ಮತ್ತು ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆಯನ್ನು ಈ ಊರಿನಲ್ಲಿ ಮುನ್ನಡೆಸಿದವರು 2015ರ ಆಗಸ್ಟ್ 30ರಂದು ಹತ್ಯೆಗೀಡಾದ ಡಾ. ಎಂ.ಎಂ. ಕಲಬುರ್ಗಿಯವರು, ಅದಕ್ಕೆ ನೆಲೆಯಾದದ್ದು ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರ. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ನಮ್ಮ ಮನೆಯ ಗ್ರಂಥಗಳನ್ನು ನೆರೆಮನೆಯವರು ಮುತುವರ್ಜಿಯಿಂದ ಕನ್ನಡಕ್ಕೆ ತರಿಸುವಾಗ ನಮಗೆ ತುಸು ಸಂಕೋಚವೂ ಆಗಬೇಕು.

ಆ ಕೇಂದ್ರಕ್ಕೆ ಯಾರ ಹೆಸರಿದೆಯೋ ಆ ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲರಾಗಿದ್ದವರು. 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ತಾಳೆಗರಿಗಳಲ್ಲಿ ಮುದುಡಿದ್ದ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿದರು, ಮುದ್ರಿಸಲು ಸ್ವಂತ ಮುದ್ರಣಾಲಯವನ್ನೇ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಒಂದು ಸಮುದಾಯ ತನ್ನ ಮಾತನ್ನು ನಾಡಿಗೆ ತಿಳಿಸಿದ ಬಗೆ ಅದು. ಇಂದು ಅವರ ಸಂಸ್ಥೆಗೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳೂ ಇವೆ. ಯಾವುದು ಮೊದಲು ಬಂತು ಎಂಬುದನ್ನು ಮಾತ್ರ ಗಮನಿಸಿರಿ.

ಸಣ್ಣ ಖಾಸಗಿ ಕಾಲೇಜೇ ಏಕೆ ಎಂದು ತಾವು ಕೇಳಬಹುದು. ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ಆರಂಭವಾದ ಅಶೋಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯ ಓದಲು ಸಿರಿವಂತರು ವರ್ಷಕ್ಕೆ ಲಕ್ಷಾಂತರ ರೂಪಾಯಿ ತೆರುತ್ತಾರೆ. ಸಣ್ಣ ತರಗತಿ, ಚರ್ಚೆ, ವಿದ್ಯಾರ್ಥಿಯನ್ನು ಹೆಸರಿನಿಂದ ಬಲ್ಲ ಅಧ್ಯಾಪಕರು, ಇವೇ ಅಂತಹ ಸಂಸ್ಥೆಗಳ ಹಿರಿಮೆಯೆಂದು ಹೇಳಲಾಗುತ್ತದೆ. ನಮ್ಮ ಊರಿನ ಕಾಲೇಜು ಅದಕ್ಕೆ ಸಮವೆಂದು ನಾವು ಹೇಳುವುದಿಲ್ಲ. ಹೇಳಿದರೆ ಅದು ಸುಳ್ಳಾದೀತು. ಆದರೆ ಮೂವತ್ತು ಮಂದಿಯ ತರಗತಿಯಲ್ಲಿ ಕುಳಿತ ಹುಡುಗನಿಗೆ ಎದ್ದುನಿಂತು ಪ್ರಶ್ನೆ ಕೇಳುವ ಅವಕಾಶವಿದೆ. ಅವನು ಮೂರು ದಿನ ಬಾರದಿದ್ದರೆ ಯಾರಾದರೂ ವಿಚಾರಿಸುತ್ತಾರೆ. ಮೊದಲ ಬಾರಿಗೆ ಪದವಿಯ ಮೆಟ್ಟಿಲೇರುತ್ತಿರುವ ಕುಟುಂಬದ ಮಗುವಿಗೆ ಇದು ದೊಡ್ಡ ಆಸರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ನಿಜ. 2022ರ ಫೆಬ್ರವರಿಯ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟಿನ ಭಿನ್ನ ತೀರ್ಪು, ಇವುಗಳ ನಡುವೆ ತಲೆವಸ್ತ್ರಕ್ಕಾಗಿ ಓದನ್ನೇ ನಿಲ್ಲಿಸಿದ ಹುಡುಗಿಯರ ಸಂಕಟವನ್ನು ಈ ರಾಜ್ಯ ಕಂಡಿದೆ. ನಗರದಲ್ಲಿ ಸೆಕಾಬ್ ಸಂಸ್ಥೆಯ ಎ.ಆರ್.ಎಸ್. ಇನಾಮದಾರ ಮಹಿಳಾ ಕಾಲೇಜಿದೆ, ಅಂಜುಮನ್ ಕಾಲೇಜಿದೆ. ಅವು ಕೇವಲ ಕಲಾ ಕಾಲೇಜುಗಳಲ್ಲ, ವಿಜ್ಞಾನ-ವಾಣಿಜ್ಯವೂ ಅಲ್ಲಿವೆ, ಆದರೂ ಬಿ.ಎ. ಓದಬಯಸುವ ಹುಡುಗಿಗೆ ಮನೆಯ ಸಮೀಪದಲ್ಲೇ ಬಾಗಿಲು ತೆರೆದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ತಿಕೋಟಾ, ಬಬಲೇಶ್ವರಗಳಿಂದ ನಗರಕ್ಕೆ ಬರಲು ಬಸ್ ಖರ್ಚು ಎಂಬ ನೆಪಕ್ಕೆ ಅಂದೇ ಜಾಗವಿಲ್ಲದಂತಾಯಿತು. ಮುಂದೆ ಎಂ.ಎ. ಮಾಡಲು 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ ಇದೇ ಊರಿನಲ್ಲಿದೆ. ಇಷ್ಟೆಲ್ಲ ಅಂಗಳದಲ್ಲಿರುವಾಗ ಮಗಳ ಬಿ.ಎ.ಯನ್ನು ನಿಕಾಹ್‌ಗೆ ಮುಂಚಿನ ನಿರೀಕ್ಷಣಾ ಕೊಠಡಿಯಾಗಿ ಮಾಡುವುದು ಆ ಹುಡುಗಿಗೆ ಬಗೆಯುವ ಅನ್ಯಾಯ. ಸಂಬಂಧ ಬಂದರೆ, ಮೂರನೆಯ ವರ್ಷದ ಪರೀಕ್ಷೆ ಮುಗಿಯಲಿ ಎಂದು ಹೇಳುವ ಧೈರ್ಯ ಅಬ್ಬಾನಿಗೆ ಇರಬೇಕು.

ಗಂಡುಮಕ್ಕಳ ಕಥೆ ಬೇರೆ. ಅವರು ಬಿ.ಎ.ಗೂ ಬರುತ್ತಿಲ್ಲ, ಗ್ಯಾರೇಜು, ಮೊಬೈಲ್ ಅಂಗಡಿ, ಬಳಿಕ ಗಲ್ಫಿನ ವೀಸಾ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಮರುವರ್ಷವೇ ಸುಮಾರು 19.2 ಲಕ್ಷಕ್ಕೆ ಇಳಿಯಿತು. ಕೊರೋನಾದ ಹೊಡೆತ ಅದರಲ್ಲಿದೆ, ನಿಜ. ಆದರೆ ಕೊರೋನಾ ನಮಗೊಬ್ಬರಿಗೇ ಬಂದಿರಲಿಲ್ಲ.

ಹೊಟ್ಟೆಪಾಡಿನ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಬಿ.ಎ. ಪದವಿಯೊಂದೇ ಕೆಲಸ ಕೊಡುವುದಿಲ್ಲ. ಅದು ಮುಂದಿನ ದಾರಿಗಳಿಗೆ ತಲೆಬಾಗಿಲು. ಅದರ ಬಳಿಕ ಮೂರು ವರ್ಷದ ಎಲ್.ಎಲ್.ಬಿ. ಇದೆ, ಬಿ.ಎಡ್. ಇದೆ, ಪತ್ರಿಕೋದ್ಯಮ, ಸಮಾಜಕಾರ್ಯ, ಪುರಾತತ್ತ್ವ ಇವೆ. ಐಎಎಸ್, ಕೆಎಎಸ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಅಲ್ಲಿ ಕೇಳುವುದು ಬಹುಪಾಲು ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ ಮತ್ತು ಪ್ರಬಂಧ. 2006ರ ಸಾಚಾರ್ ಸಮಿತಿಯ ವರದಿ ಐಎಎಸ್‌ನಲ್ಲಿ ಮುಸ್ಲಿಮರನ್ನು ಶೇ. 3, ಐಪಿಎಸ್‌ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8 ಎಂದು ಲೆಕ್ಕ ಹಾಕಿತ್ತು. ಆ ವರದಿಯನ್ನು ವೇದಿಕೆಗಳಲ್ಲಿ ಪ್ರಸ್ತಾಪಿಸುವ ನಾಯಕರೇ ತಮ್ಮ ಮಕ್ಕಳನ್ನು ಕಲಾ ತರಗತಿಗೆ ಕಳುಹಿಸಲು ಹಿಂಜರಿಯುತ್ತಾರೆ.

ಕಾಲೇಜುಗಳ ದೋಷಗಳನ್ನೂ ಮುಚ್ಚಿಡಬಾರದು. ಪಠ್ಯ ತೆರೆಯದೆ ಗೈಡ್ ಓದಿ ಪಾಸಾಗುವ ರೋಗ ವ್ಯಾಪಕವಾಗಿದೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿದ ಕಡೆಗಳಲ್ಲಿ ವರ್ಷದ ಅರ್ಧ ಪಾಠವೇ ನಡೆಯುವುದಿಲ್ಲ. ಆದ್ದರಿಂದ ಪ್ರವೇಶಕ್ಕೆ ಮುನ್ನ ತಾವೇ ಹೋಗಿ ನೋಡಿರಿ. ಗ್ರಂಥಾಲಯದ ಬೀರುಗಳಿಗೆ ಬೀಗವಿದೆಯೇ, ಪುಸ್ತಕ ಮನೆಗೆ ಕೊಡುತ್ತಾರೆಯೇ, ಖಾಯಂ ಅಧ್ಯಾಪಕರು ಎಷ್ಟು, ಚರ್ಚಾಸ್ಪರ್ಧೆಗೆ ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾರೆಯೇ ಎಂದು ವಿಚಾರಿಸಿರಿ. ಕಾಲೇಜಿನ ಕಟ್ಟಡಕ್ಕಿಂತ ಅದರ ಗ್ರಂಥಪಾಲಕರೊಂದಿಗೆ ಹತ್ತು ನಿಮಿಷ ಮಾತನಾಡಿದರೆ ಹೆಚ್ಚು ತಿಳಿಯುತ್ತದೆ. ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಆ ಮೂರು ವರ್ಷಗಳಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಉರ್ದು ಮನೆಯ ಮಗುವನ್ನು ನಾವು ವಿಶೇಷವಾಗಿ ಅಭಿನಂದಿಸುತ್ತೇವೆ.

ಕೊನೆಯದಾಗಿ ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ನಮ್ಮ ವಿದ್ಯಾರ್ಥಿವೇತನಗಳು, ಝಕಾತ್ ನಿಧಿಯ ಶಿಕ್ಷಣ ಸಹಾಯ ಬಹುಮಟ್ಟಿಗೆ ವೃತ್ತಿಪರ ಕೋರ್ಸ್‌ಗಳ ಕಡೆಗೇ ಹರಿಯುತ್ತವೆ. ಸಂಶೋಧನೆಗೆ ಹೋಗುವ ಬಡ ವಿದ್ಯಾರ್ಥಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿದೆ. ಹೀಗಿರುವಾಗ ಪ್ರತಿ ಮಸೀದಿಯ ಜಮಾಅತ್ ಈ ವರ್ಷ ಒಬ್ಬ ಬಿ.ಎ. ವಿದ್ಯಾರ್ಥಿಯ ಶುಲ್ಕ, ಪುಸ್ತಕ ಮತ್ತು ಹುಡುಗನಾದರೆ ಬಸ್ ಪಾಸಿನ ಹೊಣೆ ಹೊರಲಿ. ಆ ವಿದ್ಯಾರ್ಥಿ ಪ್ರತಿಯಾಗಿ ವಾರಕ್ಕೊಂದು ದಿನ ಮಸೀದಿಯ ಜಗಲಿಯಲ್ಲಿ ಕುಳಿತು ಊರವರ ಅರ್ಜಿಗಳನ್ನು ಕನ್ನಡದಲ್ಲಿ ಬರೆದುಕೊಡಲಿ. ಇದಕ್ಕೆ ಹೊಸ ಸಂಘಟನೆ ಬೇಕಿಲ್ಲ, ರಶೀದಿ ಪುಸ್ತಕವೂ ಬೇಕಿಲ್ಲ. ಪ್ರವೇಶದ ಅವಧಿ ಮುಗಿಯುವ ಮುನ್ನ, ಬರುವ ಜುಮಾ ನಮಾಝಿನ ಬಳಿಕವೇ ಈ ವಿಷಯವನ್ನು ತಮ್ಮ ತಮ್ಮ ಮೊಹಲ್ಲಾಗಳಲ್ಲಿ ಚರ್ಚೆಗೆ ಇಡಬೇಕೆಂದು ಕೋರುತ್ತೇವೆ.