ಟೇಲರ್ ಮಂಜಿಲ್‌ನ ಅಂಗಳದಿಂದ



ಶಹಾಪುರದವರೆಗೆ ಬಂದವರು ಮಲಗಿದ ಬುದ್ಧನಂತೆ ತೋರುವ ಅಲ್ಲಿನ ಬೆಟ್ಟವನ್ನು ನೋಡಿ ಹಿಂದಿರುಗುವುದೇ ಹೆಚ್ಚು. ಇನ್ನಷ್ಟು ದೂರ ಸಾಗಿದರೆ ಸುರಪುರ. ಊರನ್ನು ಸುತ್ತುವರಿದ ಬಂಡೆಗಲ್ಲಿನ ಬೆಟ್ಟಗಳ ಪೈಕಿ ಒಂದರ ನೆತ್ತಿಯ ಮೇಲಿದೆ ಟೇಲರ್ ಮಂಜಿಲ್. ಅದರ ಅಂಗಳದಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರಕ್ಕೂ ಬಯಲು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸೀಮೆ ಇದು.

ಈ ಬಂಡೆಗಳು ಕೇವಲ ನೋಟದ ವಸ್ತುಗಳಲ್ಲ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಸಮೀಪದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಬಿತ್ತು. ಬೇಡರ ದೊರೆ ಪಿಡ್ಡನಾಯಕ ಮಾತ್ರ ಕೈಗೆ ಸಿಗಲಿಲ್ಲ.

ಮುಂದೆ ಅದೇ ಮನೆತನದ ರಾಜಾ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಕೈಯಲ್ಲಿ ಅಧಿಕಾರ, ಆಸ್ಥಾನದಲ್ಲಿ ಒಳಜಗಳ. ಆಗ ಬ್ರಿಟಿಷರ ಪ್ರತಿನಿಧಿಯಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. ಠಗ್ಗರ ಕುರಿತ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾದವನು. 1853ರವರೆಗೆ ಸಂಸ್ಥಾನದ ಆಡಳಿತವನ್ನೂ ಬಾಲಕನ ಪಾಲನೆಯನ್ನೂ ನೋಡಿಕೊಂಡ. ಬೆಟ್ಟದ ಮೇಲಿನ ಮನೆ ಅವನು ಕಟ್ಟಿಸಿದ್ದು. ಬಿಡುವಾದಾಗ ರಾಜನಕೋಳೂರಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಲುಗೋರಿಗಳನ್ನು ಪರಿಶೀಲಿಸಿ ಬರೆದಿಟ್ಟ. ಇತಿಹಾಸದ ವಿದ್ಯಾರ್ಥಿಗಳು ಆ ಒಂದು ಕೆಲಸಕ್ಕಾದರೂ ಅವನನ್ನು ನೆನೆಯಬೇಕು.

ಬಾಲಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ. ಆದರೆ 1858ರ ಫೆಬ್ರುವರಿಯಲ್ಲಿ ಅದೇ ಹುಡುಗ, ಈಗ ಅರಸ, ಬ್ರಿಟಿಷರ ವಿರುದ್ಧ ಸಿಡಿದೆದ್ದ. ಸುರಪುರದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಯಾದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಮರಣದಂಡನೆ ಇಳಿದು ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಮದ್ರಾಸಿನ ಕಡೆಗೆ ಒಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪನಾಯಕ ಬಲಿಯಾದ. ತಾನೇ ಹಾರಿಸಿಕೊಂಡ ಎಂಬುದು ಟೇಲರ್ ಬರೆದಿರುವ ವಿವರ. ವಯಸ್ಸು ಇಪ್ಪತ್ತೈದೂ ದಾಟಿರಲಿಲ್ಲ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಇಲ್ಲೊಂದು ತೊಡಕಿದೆ. ರಾಜನ ಬಾಲ್ಯ, ಅವನ ಕಣ್ಣೀರು, ಕೊನೆಯ ಮಾತು ಇವೆಲ್ಲ ಹೆಚ್ಚಾಗಿ ನಮಗೆ ತಿಳಿದಿರುವುದು ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಿಂದ. ಪ್ರೀತಿ ಸುಳ್ಳಲ್ಲದಿರಬಹುದು. ಆದರೂ ಅದು ಬೆಟ್ಟದ ಮೇಲಿನ ಮನೆಯವನು ಕಂಡ ಸುರಪುರ. ಹೋದವರು ಮಂಜಿಲ್‌ನಿಂದ ಇಳಿದು, ಊರೊಳಗಿನ ನಾಯಕರ ಅರಮನೆಯನ್ನೂ ನೋಡಿ ಬರಬೇಕು.